ದಸರಾ ರಜೆಗೆ ಎಲ್ಲಿಗೆ? ಮೊದಲು ಮಳೆ ನೋಡಿ, ಆಮೇಲೆ ಊರು

ಪ್ರಶ್ನೆ: ನಮಸ್ಕಾರ ಸರ್. ನಾವು ಇರೋದು ಬೆಂಗಳೂರಿನಲ್ಲಿ. ಮಕ್ಕಳ ದಸರಾ ರಜೆ ಈ ಸಲ ಅಕ್ಟೋಬರ್ ಮಧ್ಯಕ್ಕೆ ಬಂದಿದೆ. ಆರು ದಿನ ಎಲ್ಲಾದರೂ ಹೋಗಿಬರೋಣ ಅಂತಿದ್ದೇವೆ. ನಾನು, ನಮ್ಮ ಯಜಮಾನರು, 13 ವರ್ಷದ ಮಗಳು, 8 ವರ್ಷದ ಮಗ, ಜೊತೆಗೆ ಅತ್ತೆ-ಮಾವ. ಮಾವನವರಿಗೆ ಮೊಣಕಾಲು ನೋವು. ಮಕ್ಕಳಿಗೆ ಊಟಿ ಬೇಕು. ಅತ್ತೆಗೆ ಮೈಸೂರು ದಸರಾ ನೋಡಿಕೊಂಡು ತಲಕಾವೇರಿಗೆ ಹೋಗುವ ಆಸೆ. ಯಜಮಾನರು ಕಾಶ್ಮೀರ ಅಂತಾರೆ. ಮಳೆ ಅಂತ ರೂಮಲ್ಲೇ ಕೂರೋ ಹಾಗಾಗಬಾರದು, ಜನಜಂಗುಳಿಯೂ ಬೇಡ. ಏನು ಮಾಡೋದು?

ಉತ್ತರ: ನಮಸ್ಕಾರ. ಮಕ್ಕಳ ವಯಸ್ಸು, ಮಾವನವರ ಮೊಣಕಾಲು ಎರಡನ್ನೂ ಬರೆದು ಒಳ್ಳೆಯದು ಮಾಡಿದಿರಿ. "ಒಳ್ಳೆ ಜಾಗ ಹೇಳಿ" ಅಂತ ಮಾತ್ರ ಕೇಳಿದರೆ ಯಾರಿಗೂ ಸರಿಯಾದ ಉತ್ತರ ಕೊಡಲು ಆಗುವುದಿಲ್ಲ. ಸುತ್ತಿಬಳಸಿ ಹೇಳುವುದಿಲ್ಲ: ನೀವು ಹೇಳಿದ ನಾಲ್ಕು ಜಾಗಗಳಲ್ಲಿ ಯಾವುದೂ ಈ ಆರು ದಿನಕ್ಕೆ ಬೇಡ. ಬಾದಾಮಿಗೆ ಹೋಗಿ. ಬಾದಾಮಿಯಲ್ಲಿ ಮೂರು ರಾತ್ರಿ ಇದ್ದು, ಪಟ್ಟದಕಲ್ಲು, ಐಹೊಳೆ, ಮಹಾಕೂಟ ಎಲ್ಲ ಅಲ್ಲಿಂದಲೇ ನೋಡಿ, ಕೊನೆಗೆ ವಿಜಯಪುರಕ್ಕೆ ಹೋಗಿ ಅಲ್ಲಿಂದ ರೈಲು ಹತ್ತಿ. ಇಷ್ಟೇ ನನ್ನ ಉತ್ತರ. ಆದರೆ ಮನೆಯಲ್ಲಿ ಆರು ಜನರನ್ನು ಒಪ್ಪಿಸಬೇಕಲ್ಲ, ಅದಕ್ಕೆ ಕಾರಣಗಳನ್ನೂ ಬಿಡಿಸಿ ಹೇಳುತ್ತೇನೆ.

ಅಕ್ಟೋಬರ್ ಅಂದರೆ ನಮ್ಮ ದೇಶದಲ್ಲಿ ಎರಡು ಮಳೆಗಳು ಪಾಳಿ ಬದಲಿಸುವ ತಿಂಗಳು. ಮುಂಗಾರು ವಾಪಸ್ ಹೋಗಲು ಶುರು ಮಾಡುವುದು ರಾಜಸ್ಥಾನದ ಪಶ್ಚಿಮ ತುದಿಯಿಂದ, ಸಾಮಾನ್ಯವಾಗಿ ಸೆಪ್ಟೆಂಬರ್ 17ರ ಆಸುಪಾಸು. ಅಲ್ಲಿಂದ ಒಂದೊಂದೇ ರಾಜ್ಯ ಬಿಡುತ್ತಾ ದಕ್ಷಿಣಕ್ಕೆ ಸರಿದು ಅಕ್ಟೋಬರ್ 15ರ ಹೊತ್ತಿಗೆ ದೇಶ ಬಿಡುತ್ತದೆ. ಅದು ಹೋದ ಕೆಲವೇ ದಿನಕ್ಕೆ ಬಂಗಾಳಕೊಲ್ಲಿ ಕಡೆಯಿಂದ ಹಿಂಗಾರು ಬರುತ್ತದೆ. ತಮಿಳುನಾಡು, ಕೇರಳ, ಆಂಧ್ರದ ಕರಾವಳಿ, ನಮ್ಮ ದಕ್ಷಿಣ ಒಳನಾಡು, ಇವೆಲ್ಲ ಮತ್ತೆ ನೆನೆಯುತ್ತವೆ. ಬೆಂಗಳೂರಿನಲ್ಲೇ ನೋಡಿ, ವರ್ಷದಲ್ಲಿ ಜಾಸ್ತಿ ಮಳೆ ಬರುವುದು ಜೂನ್-ಜುಲೈನಲ್ಲಿ ಅಲ್ಲ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಹಳ್ಳಿ ಕಡೆ ಇದನ್ನು ನಕ್ಷತ್ರದ ಲೆಕ್ಕದಲ್ಲಿ ಹೇಳುತ್ತಾರೆ. ಅಕ್ಟೋಬರ್ 10ರವರೆಗೆ ಹಸ್ತ ಮಳೆ, ಆಮೇಲೆ 23ರ ತನಕ ಚಿತ್ತಾ, ಅದರ ನಂತರ ನವೆಂಬರ್ ಮೊದಲ ವಾರದವರೆಗೆ ಸ್ವಾತಿ. ನಿಮ್ಮ ರಜೆ ಚಿತ್ತಾ ಮಳೆಯ ಒಳಗೆ ಬರುತ್ತದೆ. ಅಂದರೆ ದಕ್ಷಿಣಕ್ಕೆ ಹೋದಷ್ಟೂ ಮಳೆ ಸಿಗುವ ಸಾಧ್ಯತೆ ಜಾಸ್ತಿ, ಉತ್ತರಕ್ಕೆ ಹೋದಷ್ಟೂ ಕಡಿಮೆ.

ಇನ್ನೊಂದು ವಿಷಯ. ದಸರಾ ಪ್ರತಿ ವರ್ಷ ಒಂದೇ ತಾರೀಕಿಗೆ ಬರುವುದಿಲ್ಲ. 2023ರಲ್ಲಿ ವಿಜಯದಶಮಿ ಅಕ್ಟೋಬರ್ 24ಕ್ಕೆ, 2024ರಲ್ಲಿ 12ಕ್ಕೆ, 2025ರಲ್ಲಿ 2ಕ್ಕೆ ಬಂತು. ಮೂರು ವರ್ಷದಲ್ಲಿ ಹೆಚ್ಚುಕಡಿಮೆ ಮೂರು ವಾರದ ವ್ಯತ್ಯಾಸ! ಪಕ್ಕದ ಮನೆಯವರು "ನಾವು ಹೋದ ವರ್ಷ ದಸರಾಕ್ಕೆ ಹೋಗಿದ್ವಿ, ಚೆನ್ನಾಗಿತ್ತು" ಅಂದರೆ, ಆ ವರ್ಷ ದಸರಾ ಯಾವ ತಾರೀಕಿಗಿತ್ತು ಅಂತ ಕೇಳಿ. ಅಕ್ಟೋಬರ್ 2ರಲ್ಲಿ ಚೆನ್ನಾಗಿದ್ದ ಜಾಗ 20ಕ್ಕೆ ಬೇರೆಯೇ ಇರುತ್ತದೆ.

ಈಗ ಊಟಿ. ಮಕ್ಕಳಿಗೆ ಬೇಸರವಾಗುತ್ತದೆ ಅಂತ ಗೊತ್ತು, ಆದರೂ ಹೇಳಬೇಕು. ನೀಲಗಿರಿಗೆ ಅಕ್ಟೋಬರ್ ಮಧ್ಯದಿಂದ ನವೆಂಬರ್‌ವರೆಗೆ ಹಿಂಗಾರಿನ ಹೊಡೆತ ಜೋರು, ಅದರಲ್ಲೂ ಕೂನೂರಿನ ಕಡೆಗೆ. ಮಕ್ಕಳು ಊಟಿ ಅಂದಾಗ ಅವರ ಮನಸ್ಸಿನಲ್ಲಿರುವುದು ಮುಕ್ಕಾಲು ಪಾಲು ಆ ಪುಟ್ಟ ರೈಲು. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವ ದಾರಿಯಲ್ಲಿ ಮಣ್ಣು ಕುಸಿದು ರೈಲು ನಿಲ್ಲುವುದು ಈ ತಿಂಗಳುಗಳಲ್ಲೇ ಜಾಸ್ತಿ. ಮೇಲಾಗಿ 2024ರ ಮೇ ತಿಂಗಳಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಕೂಡ ಬೇಕು. ಊಟಿಯನ್ನು ಫೆಬ್ರವರಿಗೆ ಇಟ್ಟುಕೊಳ್ಳಿ. ಆಗ ಚಳಿ ಸ್ವಲ್ಪ ಇಳಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಬೇಸಿಗೆ ರಜೆಯ ಜನ ಇನ್ನೂ ಬಂದಿರುವುದಿಲ್ಲ. ಒಂದು ಶುಕ್ರವಾರ ಶಾಲೆಗೆ ರಜೆ ಹಾಕಿಸಿದರೂ ಸಾಕು.

ಅತ್ತೆಯವರ ಆಸೆಯನ್ನು ಬಿಡಬೇಡಿ. ಅದನ್ನು ಎರಡು ಭಾಗ ಮಾಡಿ. ಮೈಸೂರು ದಸರಾ ನೋಡಲು ವಿಜಯದಶಮಿ ದಿನವೇ ಹೋಗಬೇಕು ಅಂತ ಇಲ್ಲ. ಜಂಬೂ ಸವಾರಿ ಆ ದಿನ ಮಾತ್ರ ಅನ್ನುವುದು ನಿಜ. ಆದರೆ ಮೊಣಕಾಲು ನೋವಿರುವವರನ್ನು ಕರೆದುಕೊಂಡು ಆ ಜನಸಾಗರದಲ್ಲಿ ಗಂಟೆಗಟ್ಟಲೆ ಕಾಯಿಸುವುದು ಸರಿಯಲ್ಲ. ಟಿವಿಯಲ್ಲಿ ಆನೆ ಮೇಲಿನ ಅಂಬಾರಿ ಇನ್ನೂ ಹತ್ತಿರದಿಂದ ಕಾಣುತ್ತದೆ. ಅರಮನೆಯ ದೀಪಾಲಂಕಾರ ನವರಾತ್ರಿಯ ಎಲ್ಲ ರಾತ್ರಿಯೂ ಇರುತ್ತದೆ. ಹೆಚ್ಚುಕಡಿಮೆ ಒಂದು ಲಕ್ಷ ಬಲ್ಬು ಒಂದೇ ಸಲ ಹೊತ್ತಿಕೊಳ್ಳುವ ಆ ಗಳಿಗೆ ಮೊದಲ ದಿನವೂ ಅದೇ, ಕೊನೆಯ ದಿನವೂ ಅದೇ. ಫಲಪುಷ್ಪ ಪ್ರದರ್ಶನ, ಆಹಾರ ಮೇಳ, ಕುಸ್ತಿ, ಅರಮನೆ ಮುಂದಿನ ಸಂಗೀತ ಎಲ್ಲವೂ ಮೊದಲ ದಿನಗಳಲ್ಲಿ ಆರಾಮಾಗಿ ಸಿಗುತ್ತವೆ. ನವರಾತ್ರಿ ಶುರುವಾದ ಎರಡು ಮೂರು ದಿನದೊಳಗೆ, ವಾರದ ನಡುವೆ, ಒಂದು ರಾತ್ರಿಗೆ ಹೋಗಿಬನ್ನಿ. ಕೊನೆಯ ಮೂರು ದಿನಕ್ಕೆ ಹೋಲಿಸಿದರೆ ರೂಮಿನ ಬಾಡಿಗೆಯಲ್ಲೂ ಬಹಳ ವ್ಯತ್ಯಾಸ ಇರುತ್ತದೆ.

ತಲಕಾವೇರಿಯದ್ದು ಇನ್ನೊಂದು ಕಥೆ. ತುಲಾ ಸಂಕ್ರಮಣದ ತೀರ್ಥೋದ್ಭವ ಅಕ್ಟೋಬರ್ 17ರ ಸುಮಾರಿಗೆ ಬರುತ್ತದೆ. ನಿಮ್ಮ ರಜೆಗೆ ಸರಿಯಾಗಿ ಅದೇ ಹೊತ್ತು. ಅದರ ಜೊತೆಗೆ ಮಡಿಕೇರಿ ದಸರಾ. ಹತ್ತು ಮಂಟಪಗಳ ಮೆರವಣಿಗೆ ನೋಡಲು ವಿಜಯದಶಮಿ ರಾತ್ರಿ ಇಡೀ ಕೊಡಗು ಎದ್ದಿರುತ್ತದೆ. ಅದು ನೋಡಲೇಬೇಕಾದ ಹಬ್ಬ, ಆದರೆ ಜನಜಂಗುಳಿ ಬೇಡ ಅಂದವರಿಗಲ್ಲ. ಅತ್ತೆಯವರಿಗೆ ಒಂದು ಮಾತು ಹೇಳಿ: ತುಲಾ ಮಾಸ ಪೂರ್ತಿ, ಅಂದರೆ ನವೆಂಬರ್ ಮಧ್ಯದವರೆಗೂ, ಕಾವೇರಿ ಸ್ನಾನಕ್ಕೆ ವಿಶೇಷವೇ. ನವೆಂಬರ್ ಮೊದಲ ಅಥವಾ ಎರಡನೇ ವಾರ ಹೋದರೆ ಭಾಗಮಂಡಲದಲ್ಲಿ ನೆಮ್ಮದಿಯಾಗಿ ಸ್ನಾನ ಮಾಡಿ, ಮೇಲೆ ಹೋಗಿ ದರ್ಶನ ಮಾಡಿ ಬರಬಹುದು. ಆ ಹೊತ್ತಿಗೆ ಮಳೆಯೂ ತಗ್ಗಿರುತ್ತದೆ, ಉಂಬಳದ ಕಾಟವೂ ಕಡಿಮೆ.

ಕಾಶ್ಮೀರದ ಬಗ್ಗೆ ನಿಮ್ಮ ಯಜಮಾನರು ಹೇಳಿದ್ದು ಕಾಲದ ಲೆಕ್ಕದಲ್ಲಿ ಸರಿಯಾಗಿಯೇ ಇದೆ, ಎರಡು ವಾರ ಮುಂಚೆ ಅಷ್ಟೇ. ಶರತ್ಕಾಲ ಅಂದಾಗ ಫೋಟೋಗಳಲ್ಲಿ ಕಾಣುವ ಕೆಂಪು ಚಿನಾರ್ ಎಲೆಗಳು ಪೂರ್ತಿ ಬಣ್ಣಕ್ಕೆ ಬರುವುದು ಅಕ್ಟೋಬರ್ ಕೊನೆಯಿಂದ ನವೆಂಬರ್ ಎರಡನೇ ವಾರದವರೆಗೆ. ಪಾಂಪೋರ್‌ನ ಕೇಸರಿ ಹೊಲಗಳು ಹೂ ಬಿಡುವುದೂ ಅದೇ ಸಮಯಕ್ಕೆ. ಅಕ್ಟೋಬರ್ ಮಧ್ಯಕ್ಕೆ ಹೋದರೆ ಸೇಬಿನ ತೋಟಗಳಲ್ಲಿ ಕೊಯ್ಲು ನಡೆಯುತ್ತಿರುತ್ತದೆ, ಅದೂ ಚೆಂದವೇ. ಆದರೆ ಆರು ದಿನದಲ್ಲಿ ಎರಡು ದಿನ ಪ್ರಯಾಣಕ್ಕೇ ಹೋಗುತ್ತದೆ, ರಾತ್ರಿ ಚಳಿ ಮಾವನವರ ಮೊಣಕಾಲಿಗೆ ಆಗಿಬರುವುದಿಲ್ಲ, ಆರು ಜನರ ವಿಮಾನದ ಖರ್ಚು ಬೇರೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯಾದ ಮೇಲೆ ಅಲ್ಲಿನ ಸುಮಾರು ಪ್ರವಾಸಿ ತಾಣಗಳನ್ನು ಮುಚ್ಚಿ, ಆಮೇಲೆ ಹಂತ ಹಂತವಾಗಿ ತೆರೆಯುತ್ತಾ ಬಂದರು. ಹೋಗುವವರು ಯಾವುದು ತೆರೆದಿದೆ ಅಂತ ಸರ್ಕಾರದ ಪ್ರಕಟಣೆ ನೋಡಿಯೇ ಹೊರಡಬೇಕು. ಮುಂದೆ ಯಾವಾಗಲಾದರೂ ನೀವಿಬ್ಬರೇ ಹೋಗುವುದಾದರೆ ಅಕ್ಟೋಬರ್ ಕೊನೆಯ ವಾರ ಇಟ್ಟುಕೊಳ್ಳಿ. 2025ರ ಜೂನ್‌ನಿಂದ ಕಟ್ರಾ-ಶ್ರೀನಗರ ರೈಲು ಓಡುತ್ತಿದೆ, ಚಿನಾಬ್ ಸೇತುವೆ ದಾಟುವ ಆ ಪ್ರಯಾಣಕ್ಕಾಗಿಯೇ ಹೋಗಬಹುದು.

ಮಳೆ ಆದಮೇಲೆ ನೋಡಬೇಕಾದ್ದು ಬೇರೆಯವರ ರಜೆ. ಇದನ್ನು ಯಾರೂ ಯೋಚಿಸುವುದೇ ಇಲ್ಲ. ನಮಗೆ ದಸರಾ ರಜೆ ಇರುವಾಗಲೇ ಬಂಗಾಳದವರಿಗೆ ಪೂಜಾ ರಜೆ. ಅವರು ಊರೂರು ಸುತ್ತುವುದರಲ್ಲಿ ನಮಗಿಂತ ಒಂದು ಕೈ ಮೇಲು. ಡಾರ್ಜಿಲಿಂಗ್, ಸಿಕ್ಕಿಂ, ಪುರಿ ಎಲ್ಲ ಅವರಿಂದಲೇ ತುಂಬಿಹೋಗುತ್ತವೆ. ಅಕ್ಟೋಬರ್‌ನಲ್ಲಿ ಕಾಂಚನಜುಂಗಾ ಸ್ಪಷ್ಟವಾಗಿ ಕಾಣುತ್ತದೆ ಅನ್ನುವುದು ನಿಜ, ಆದರೆ ಆ ಎರಡು ವಾರ ಬಿಟ್ಟು ಹೋಗಬೇಕು. ದೀಪಾವಳಿ ಆದಮೇಲೆ ಗುಜರಾತಿನವರ ಸರದಿ: ರಾಜಸ್ಥಾನ, ಗೋವಾ, ಕೇರಳ. ಕುಲ್ಲು ದಸರಾವಂತೂ ನಮ್ಮದು ಮುಗಿದ ದಿನ ಶುರುವಾಗಿ ಏಳು ದಿನ ನಡೆಯುತ್ತದೆ, ಮನಾಲಿಗೆ ಹೊರಟವರು ಅದನ್ನು ನೋಡಿಕೊಂಡು ರೂಮ್ ಮಾಡಬೇಕು. ನಮ್ಮಲ್ಲಿ ಆಯುಧಪೂಜೆಯ ವಾರ ಬೆಂಗಳೂರಿನ ಕಾರುಗಳೆಲ್ಲ ಹೋಗುವುದು ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ, ಗೋಕರ್ಣಕ್ಕೆ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರದ, ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ. ಅದರ ಕಿರಿದಾದ ರಸ್ತೆಯಲ್ಲಿ ರಜೆ ದಿನ ಸಿಕ್ಕಿಹಾಕಿಕೊಂಡರೆ ಮೇಲೂ ಹೋಗಲಾಗದು, ಕೆಳಗೂ ಇಳಿಯಲಾಗದು.

ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ನಮ್ಮ ಉತ್ತರ ಒಳನಾಡು. ಬಾಗಲಕೋಟೆ ಜಿಲ್ಲೆ ಮಳೆ ನೆರಳಿನ ಪ್ರದೇಶ. ಘಟ್ಟದವರಿಗೆ ಬರುವ ಮಳೆಯ ಒಂದು ಪಾಲೂ ಅಲ್ಲಿಗಿಲ್ಲ. ಬರುವುದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್‌ನಲ್ಲಿ ಬಂದುಹೋಗಿರುತ್ತದೆ. ಹಾಗಾಗಿ ಅಕ್ಟೋಬರ್ ಮಧ್ಯಕ್ಕೆ ಬಾದಾಮಿಯ ಅಗಸ್ತ್ಯ ತೀರ್ಥ ಅನ್ನುವ ಕೆರೆ ತುಂಬಿರುತ್ತದೆ, ಬಂಡೆಗಳ ಮೇಲಿನ ಧೂಳು ತೊಳೆದುಹೋಗಿ ಕಲ್ಲು ನಿಜವಾದ ಕೆಂಪಿಗೆ ಬಂದಿರುತ್ತದೆ, ರಸ್ತೆ ಪಕ್ಕ ಸೂರ್ಯಕಾಂತಿ, ಗುರೆಳ್ಳು ಹೂ ಬಿಟ್ಟು ಹೊಲಕ್ಕೆ ಹೊಲವೇ ಹಳದಿಯಾಗಿರುತ್ತದೆ. ಬೇಸಿಗೆಯಲ್ಲಿ ಬಾದಾಮಿ ನೋಡಿ ಬಂದು "ಬರೀ ಕಲ್ಲು, ಬಿಸಿಲು" ಅನ್ನುವವರನ್ನು ಬಹಳ ನೋಡಿದ್ದೇನೆ. ಅವರನ್ನು ಅಕ್ಟೋಬರ್‌ನಲ್ಲಿ ಇನ್ನೊಂದು ಸಲ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ ನನಗೆ.

ಹೋಗುವುದು ಹೇಗೆ? ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಸಂಜೆ ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ಬಾದಾಮಿ. ಹಗಲೆಲ್ಲ ಕಾರಿನಲ್ಲಿ ಕಾಲು ಮಡಚಿ ಕೂರುವ ಕಷ್ಟ ಮಾವನವರಿಗೆ ತಪ್ಪುತ್ತದೆ, ಮಕ್ಕಳಿಗಂತೂ ರೈಲೇ ಅರ್ಧ ಪ್ರವಾಸ. ಸ್ಟೇಷನ್ ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರ, ಆಟೋ ಸಿಗುತ್ತವೆ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ, ಖಾಸಗಿ ಹೋಟೆಲುಗಳೂ ಇವೆ. ಎಲ್ಲೇ ಮಾಡಿದರೂ ಫೋನ್ ಮಾಡಿ ನೆಲಮಹಡಿಯ ರೂಮು, ವೆಸ್ಟರ್ನ್ ಕಮೋಡ್ ಇದೆಯಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಬುಕಿಂಗ್ ಆ್ಯಪ್‌ನಲ್ಲಿ ಬರೆದಿದೆ ಅಂತ ಸುಮ್ನೆ ನಂಬಿಕೊಂಡು ಹೋಗಬೇಡಿ.

ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಸ್ನಾನ, ತಿಂಡಿ, ನಿದ್ದೆ. ಸಂಜೆ ನಾಲ್ಕರ ಮೇಲೆ ಮ್ಯೂಸಿಯಂ ಕಡೆಯಿಂದ ಕೆರೆ ದಂಡೆಯಲ್ಲಿ ಭೂತನಾಥ ದೇವಸ್ಥಾನದವರೆಗೆ ನಡೆದುಹೋಗಿ. ದಾರಿಯಲ್ಲಿ ಏರು ಅಷ್ಟಾಗಿ ಇಲ್ಲ, ಮಾವನವರೂ ನಿಧಾನಕ್ಕೆ ಬರಬಹುದು. ಅಲ್ಲಿ ಕಟ್ಟೆ ಮೇಲೆ ಕೂತರೆ ಕೆರೆಯ ಆಚೆ ಬಿಸಿಲು ಇಳಿಯುವುದು ಕಾಣುತ್ತದೆ. ಅಕಸ್ಮಾತ್ ಜೋರು ಮಳೆ ಬಂದರೂ ಬೇಸರ ಮಾಡಿಕೊಳ್ಳಬೇಡಿ, ಮಳೆ ನಿಂತ ಕೂಡಲೇ ಬಂಡೆ ಮೇಲಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಅದು ಮಳೆ ಬಂದವರಿಗೆ ಮಾತ್ರ ಸಿಗುವ ನೋಟ.

ಮಾರನೆಯ ದಿನ ಬೆಳಿಗ್ಗೆ ಬೇಗ ಗುಹೆಗಳು. ಬಿಸಿಲೇರುವ ಮುಂಚೆ ಹೋಗಬೇಕು. ನಾಲ್ಕು ಗುಹೆಗಳಿಗೂ ಮೆಟ್ಟಿಲು ಹತ್ತಬೇಕು, ಆದರೆ ಮೊದಲನೆಯದು ಬಹಳ ಮೇಲಿಲ್ಲ. ಮಾವನವರು ಅಲ್ಲಿಯವರೆಗೆ ಬಂದರೆ ಸಾಕು, ಯಾಕೆಂದರೆ ಹದಿನೆಂಟು ಕೈಗಳ ನಟರಾಜ ಇರುವುದು ಅಲ್ಲೇ, ಬಲಗಡೆ ಬಂಡೆಯಲ್ಲಿ. ಮಗನಿಗೆ ಒಂದು ಕೆಲಸ ಕೊಡಿ. ಎಡದ ಒಂಬತ್ತು ಕೈಗಳಲ್ಲಿ ಯಾವುದಾದರೂ ಒಂದು, ಬಲದ ಒಂಬತ್ತು ಕೈಗಳಲ್ಲಿ ಯಾವುದಾದರೂ ಒಂದು ಜೋಡಿ ಮಾಡಿ, ಉಳಿದದ್ದನ್ನು ಮರೆತು ನೋಡಲು ಹೇಳಿ. ಪ್ರತಿ ಜೋಡಿಯೂ ಒಂದೊಂದು ನಾಟ್ಯದ ಭಂಗಿಯಾಗುತ್ತದೆ, ಒಟ್ಟು 81 ಜೋಡಿ. ಗುಣಾಕಾರ ಕಲಿತ ಹುಡುಗ ಅಲ್ಲಿಂದ ಅಲ್ಲಾಡುವುದಿಲ್ಲ! ಮೂರನೇ ಗುಹೆ ದೊಡ್ಡದು, ಎಲ್ಲಕ್ಕಿಂತ ಚೆಂದ. ಅದರ ಶಾಸನದಿಂದ ಅದು ಕ್ರಿ.ಶ. 578ರದ್ದು ಅಂತ ನಿಖರವಾಗಿ ಗೊತ್ತಿದೆ. ಕಂಬಗಳ ಮೇಲಿನ ಜೋಡಿಗಳನ್ನು, ಅವರ ತಲೆಗೂದಲ ಶೈಲಿಗಳನ್ನು ಮಗಳು ನೋಡಲಿ. ಗೈಡ್ ಮಾಡಿಕೊಳ್ಳಿ, ಟಿಕೆಟ್ ಕೌಂಟರ್ ಹತ್ತಿರ ಗುರುತಿನ ಚೀಟಿ ಇರುವವರನ್ನೇ ಕೇಳಿ. ಒಂದು ಎಚ್ಚರಿಕೆ: ಮಂಗಗಳು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಬಿಸ್ಕತ್ತು, ನೀರಿನ ಬಾಟಲಿ ಏನೂ ಕಾಣಬಾರದು. ಎಲ್ಲ ಬ್ಯಾಗ್ ಒಳಗೆ.

ಗುಹೆ ಮುಗಿಸಿ ಬಾದಾಮಿ ಪಕ್ಕದ ಬನಶಂಕರಿ ದೇವಸ್ಥಾನಕ್ಕೆ ಬನ್ನಿ. ದರ್ಶನ ಆದಮೇಲೆ ಹೊರಗೆ ಪುಷ್ಕರಣಿಯ ಪಕ್ಕ ಬುಟ್ಟಿ ಇಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. "ಬರ್ರಿ ಅಕ್ಕಾರ, ಊಟ ಮಾಡ್ರಿ" ಅಂತ ಅವರೇ ಕರೆಯುತ್ತಾರೆ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಎಣಗಾಯಿ, ಕೆಂಪು ಚಟ್ನಿ, ಶೇಂಗಾ ಪುಡಿ, ಹಸಿ ಉಳ್ಳಾಗಡ್ಡಿ, ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಗಟ್ಟಿ ಮೊಸರು. ಮನೆಯಲ್ಲಿ ಮಾಡಿ ತಂದದ್ದು. ನೆರಳಲ್ಲಿ ಕೂತು ಉಣ್ಣಿ. ಖಾರ ಮಕ್ಕಳಿಗೆ ಜಾಸ್ತಿಯಾದರೆ ಮೊಸರು ಇದೆಯಲ್ಲ. ಯಾವ ಹೋಟೆಲಿನಲ್ಲೂ ಈ ಊಟ ಸಿಗುವುದಿಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. ನವರಾತ್ರಿಯಲ್ಲಿ ದೇವಿಯ ದರ್ಶನ ಅಂದರೆ ಅತ್ತೆಯವರ ಮನಸ್ಸೂ ತುಂಬುತ್ತದೆ. ಸ್ವಲ್ಪ ವಿಶ್ರಾಂತಿ ಮಾಡಿ ಸಂಜೆ ಮಹಾಕೂಟ. ದೊಡ್ಡ ಮರಗಳ ನೆರಳಲ್ಲಿ ಬುಗ್ಗೆ ನೀರಿನ ಕೊಳ ಇದೆ, ಅದರ ನಡುವೆಯೇ ಪುಟ್ಟ ಮಂಟಪದಲ್ಲಿ ಲಿಂಗ. ಮಕ್ಕಳಿಗೆ ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ, ನೀರು ಕಂಡಮೇಲೆ ಇಳಿಯದೆ ಬಿಡುವುದಿಲ್ಲ.

ಮೂರನೇ ದಿನ ಪಟ್ಟದಕಲ್ಲು, ಐಹೊಳೆ. ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನೊಂದು 13. ಎರಡೂ ಹೆಚ್ಚುಕಡಿಮೆ ಸಮತಟ್ಟು ಜಾಗ. ಪಟ್ಟದಕಲ್ಲು 1987ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹುಲ್ಲುಹಾಸಿನ ನಡುವೆ ಕಲ್ಲಿನ ದಾರಿ, ಕೂರಲು ನೆರಳು. ಉತ್ತರ ಭಾರತದ ಬಾಗಿದ ಶಿಖರ, ದಕ್ಷಿಣದ ಮೆಟ್ಟಿಲು ಮೆಟ್ಟಿಲಾದ ಶಿಖರ ಅಕ್ಕಪಕ್ಕ ನಿಂತಿರುವುದು ನೋಡಿದರೆ ಮಗಳಿಗೆ ನಾಗರ, ದ್ರಾವಿಡ ಅಂತ ಪಾಠದಲ್ಲಿ ಓದಿದ್ದು ತಟ್ಟನೆ ಅರ್ಥವಾಗುತ್ತದೆ. ಕಥೆಯನ್ನು ಕಾರಿನಲ್ಲೇ ಹೇಳಿಬಿಡಿ: ಹರ್ಷನನ್ನು ತಡೆದ ಇಮ್ಮಡಿ ಪುಲಿಕೇಶಿಯ ಈ ಬಾದಾಮಿಯನ್ನು 642ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮ ಗೆದ್ದ. ಸುಮಾರು ನೂರು ವರ್ಷ ಆದಮೇಲೆ ಪುಲಿಕೇಶಿಯ ಚಾಲುಕ್ಯ ವಂಶದವನೇ ಆದ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಆದರೆ ಊರನ್ನು ಹಾಳು ಮಾಡಲಿಲ್ಲ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ವಿರೂಪಾಕ್ಷ ದೇವಸ್ಥಾನ. ಇದು ಗೊತ್ತಿದ್ದು ಆ ಬಾಗಿಲಲ್ಲಿ ನಿಂತರೆ ನೋಡುವ ಕಣ್ಣೇ ಬೇರೆ.

ಐಹೊಳೆಯಲ್ಲಿ ದುರ್ಗ ಗುಡಿ, ಲಾಡಖಾನ್ ಗುಡಿ ಸಾಕು. ಮೇಗುತಿ ಬೆಟ್ಟದ ಮೇಲೆ ಪುಲಿಕೇಶಿಯ ಆಸ್ಥಾನ ಕವಿ ರವಿಕೀರ್ತಿಯ 634ರ ಶಾಸನ ಇದೆ, ಆದರೆ ಮೆಟ್ಟಿಲು. ನಿಮ್ಮ ಯಜಮಾನರು, ಮಗಳು ಇಬ್ಬರೇ ಹತ್ತಿಬರಲಿ. ಉಳಿದವರು ಕೆಳಗೆ ಕಬ್ಬಿನ ಹಾಲು ಕುಡಿಯುತ್ತಾ ಕೂತಿರಿ. ವಾಪಸ್ ಬರುವ ದಾರಿ ಸ್ವಲ್ಪ ಸುತ್ತಾದರೂ ಪರವಾಗಿಲ್ಲ ಅಂದರೆ ಅಮೀನಗಡದ ಕರದಂಟು, ಗುಳೇದಗುಡ್ಡದ ಖಣ ಎರಡೂ ಈ ಸೀಮೆಯವೇ. ಖಣವನ್ನು ಮಗ್ಗದವರ ಹತ್ತಿರವೇ ನೋಡಿ ತೆಗೆದುಕೊಳ್ಳಬಹುದು. ಅತ್ತೆಯವರಿಗೆ ಇಳಕಲ್ ಸೀರೆ ಬೇಕಾದರೂ ದೂರ ಹೋಗಬೇಕಿಲ್ಲ.

ನಾಲ್ಕನೇ ದಿನ ಬಾದಾಮಿ ಬಿಟ್ಟು ವಿಜಯಪುರದ ಕಡೆ. ಒಂದು ಕಾರು ಮಾತಾಡಿಕೊಂಡು ಕೂಡಲಸಂಗಮ, ಆಲಮಟ್ಟಿ ನೋಡಿಕೊಂಡು ಹೋಗಿ. ಕೃಷ್ಣೆ-ಮಲಪ್ರಭೆ ಸೇರುವಲ್ಲಿ ಬಸವಣ್ಣನವರ ಐಕ್ಯ ಮಂಟಪ ಇದೆ. ಹಿನ್ನೀರು ಮುಳುಗಿಸದಂತೆ ಸುತ್ತ ಗೋಡೆ ಕಟ್ಟಿ ಬಾವಿಯಂತೆ ಮಾಡಿದ್ದಾರೆ. ಕೆಳಗಿಳಿಯುವ ಮೆಟ್ಟಿಲು ಮಾವನವರಿಗೆ ಕಷ್ಟ ಅನ್ನಿಸಿದರೆ ಮೇಲಿಂದಲೇ ನಮಸ್ಕಾರ ಮಾಡಲಿ. ಅಕ್ಟೋಬರ್‌ನಲ್ಲಿ ಆಲಮಟ್ಟಿ ಸಾಮಾನ್ಯವಾಗಿ ತುಂಬಿರುತ್ತದೆ, ಅಲ್ಲಿನ ರಾಕ್ ಗಾರ್ಡನ್ ಮಕ್ಕಳಿಗೆ. ಐದನೇ ದಿನ ಬೆಳಿಗ್ಗೆ ಗೋಲಗುಂಬಜ್ ಬಾಗಿಲು ತೆರೆದ ಕೂಡಲೇ ಒಳಗಿರಿ. ಶಾಲಾ ಮಕ್ಕಳ ಬಸ್ಸುಗಳು ಬಂದಮೇಲೆ ಎಲ್ಲರೂ ಕಿರುಚುತ್ತಾರೆ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಮಾತು ಕೇಳುವುದೇ ಇಲ್ಲ. ಮೇಲೆ ಹೋಗಲು ಮೂಲೆಯ ಗೋಪುರದೊಳಗಿನ ಕಿರಿದಾದ ಮೆಟ್ಟಿಲು, ಏಳು ಅಂತಸ್ತು. ಅತ್ತೆ-ಮಾವ ಕೆಳಗಿನ ತೋಟದಲ್ಲಿ, ಎದುರಿನ ಮ್ಯೂಸಿಯಂನಲ್ಲಿ ಇರಲಿ. ಶುಕ್ರವಾರ ಮಾತ್ರ ಈ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ರಜೆ, ಬಾದಾಮಿ, ಐಹೊಳೆಯಲ್ಲೂ ಅಷ್ಟೇ. ಮಧ್ಯಾಹ್ನ ಆದಿಲ್‌ಶಾಹಿ ಸುಲ್ತಾನನ ಗೋರಿ ಇಬ್ರಾಹಿಂ ರೋಜಾ. ಸಂಜೆ ಅದೇ ಗೋಲಗುಂಬಜ್ ಎಕ್ಸ್‌ಪ್ರೆಸ್ ವಾಪಸ್ ಬರುತ್ತದೆ, ಹತ್ತಿದರೆ ಆರನೇ ದಿನ ಬೆಳಿಗ್ಗೆ ಬೆಂಗಳೂರು.

ಆರು ದಿನದಲ್ಲಿ ಹಂಪಿಯನ್ನೂ ಸೇರಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಹಂಪಿಗೆ ಅದರದ್ದೇ ಮೂರು ದಿನ ಬೇಕು. ಅಲ್ಲಿ ನಡೆದಾಟ ಜಾಸ್ತಿ, ಬಂಡೆಗಳ ಬಿಸಿಯೂ ಜಾಸ್ತಿ, ಡಿಸೆಂಬರ್‌ನಲ್ಲಿ ಹೋದರೆ ಹಿತ. ಹಿರಿಯರು, ಮಕ್ಕಳು ಇಬ್ಬರೂ ಇರುವ ಮನೆಯವರು ದಿನಕ್ಕೊಂದು ಹೋಟೆಲು ಬದಲಿಸಿದರೆ ಅರ್ಧ ರಜೆ ಪ್ಯಾಕಿಂಗ್‌ನಲ್ಲೇ ಮುಗಿಯುತ್ತದೆ. ಅದಕ್ಕೇ ನಾನು ಬಾದಾಮಿಯಲ್ಲಿ ಮೂರು ರಾತ್ರಿ ಅಂದಿದ್ದು.

ಕಷ್ಟಗಳನ್ನೂ ಹೇಳಬೇಕು. ಮಧ್ಯಾಹ್ನ ಬಿಸಿಲು ಇದ್ದೇ ಇರುತ್ತದೆ, 30 ಡಿಗ್ರಿ ದಾಟುತ್ತದೆ. ಹನ್ನೊಂದರಿಂದ ಮೂರೂವರೆವರೆಗೆ ಒಳಗಿರಿ, ಬೆಳಿಗ್ಗೆ ಮತ್ತು ಸಂಜೆಯಷ್ಟೇ ಸುತ್ತಿ. ಮಳೆ ನೆರಳಿನ ಪ್ರದೇಶ ಅಂದೆ, ಆದರೂ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಅದು ಒಳನಾಡಿಗೆ ನುಗ್ಗಿದರೆ ಲೆಕ್ಕ ಎಲ್ಲ ತಲೆಕೆಳಗು. 2009ರ ಅಕ್ಟೋಬರ್ ಶುರುವಿನಲ್ಲಿ, 2020ರ ಅಕ್ಟೋಬರ್ ಮಧ್ಯದಲ್ಲಿ ಉತ್ತರ ಕರ್ನಾಟಕ ಪ್ರವಾಹದಲ್ಲಿ ಮುಳುಗಿದ್ದು ಹೀಗೆಯೇ. ಆದ್ದರಿಂದ ಹೊರಡುವ ನಾಲ್ಕೈದು ದಿನ ಮುಂಚೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಫೋನಿನ ಆ್ಯಪ್ ತೋರಿಸುವ ಮೋಡದ ಚಿತ್ರವನ್ನಲ್ಲ, ಬಂಗಾಳಕೊಲ್ಲಿಯ ವಿಷಯ ಏನು ಹೇಳಿದ್ದಾರೆ ಅನ್ನುವುದನ್ನು ನೋಡಿ. ಇದಕ್ಕಾಗಿಯೇ ರೂಮುಗಳನ್ನು ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹಾಗೆ ಬುಕ್ ಮಾಡಬೇಕು, ನೂರಿನ್ನೂರು ಜಾಸ್ತಿ ಆದರೂ ಸರಿ.

ಆಯುಧಪೂಜೆ ದಿನ ಎಲ್ಲಿಗೂ ದೂರ ಹೋಗುವ ಯೋಚನೆ ಇಟ್ಟುಕೊಳ್ಳಬೇಡಿ. ಡ್ರೈವರುಗಳು ಗಾಡಿ ತೊಳೆದು, ಹೂ ಹಾಕಿ ಪೂಜೆ ಮಾಡಿಕೊಳ್ಳುವ ದಿನ, ಅವರ ಮನೆಯಲ್ಲೂ ಹಬ್ಬ. ಒತ್ತಾಯ ಮಾಡಿ ಕರೆಯಬಾರದು, ಕರೆದರೂ ಸಿಗುವುದಿಲ್ಲ. ಆ ದಿನ ಬಾದಾಮಿಯ ಕೆರೆ, ಗುಹೆಗೆ ಇಟ್ಟುಕೊಳ್ಳಿ, ಆಟೋದಲ್ಲಿ ಆಗುವಂಥದ್ದು. ವಿಜಯದಶಮಿ ದಿನವೂ ಅಲ್ಲೇ ಇದ್ದರೆ ಮಕ್ಕಳಿಗೆ ಒಂದು ಹೊಸ ಹಬ್ಬ ಸಿಗುತ್ತದೆ. ಸಂಜೆ ಗುರುತು ಪರಿಚಯ ಇಲ್ಲದವರೂ ಬಂದು ಬನ್ನಿ ಎಲೆ ಕೈಗಿಟ್ಟು "ಬಂಗಾರದಂಗ ಇರೂಣ್ರಿ" ಅನ್ನುತ್ತಾರೆ. ನೀವೂ ಬನ್ನಿ ಕೊಡಬೇಕು, ಚಿಕ್ಕವರು ಹಿರಿಯರ ಕಾಲಿಗೆ ನಮಸ್ಕಾರ ಮಾಡಬೇಕು. ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ.

ಈ ಉತ್ತರ ಅಕ್ಟೋಬರ್ ಮಧ್ಯದ ರಜೆಗೆ. ಮುಂದೊಂದು ವರ್ಷ ದಸರಾ 2025ರ ಹಾಗೆ ತಿಂಗಳ ಶುರುವಿಗೇ ಬಂದರೆ ಸಾತಾರಾ ಹತ್ತಿರದ ಕಾಸ್ ಪಠಾರ ನೋಡಿ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಕಲ್ಲು ಬಯಲೆಲ್ಲ ಹೂವಾಗುತ್ತದೆ, ಮುಂಚೆ ಆನ್‌ಲೈನ್ ಟಿಕೆಟ್ ಮಾಡಿಸಬೇಕು. ಜೋಗವೂ ಆಗ ಮೈದುಂಬಿರುತ್ತದೆ. 2023ರ ಹಾಗೆ 24ರ ಸುಮಾರಿಗೆ ಬಂದರೆ ಮಲೆನಾಡು ಪರವಾಗಿಲ್ಲ. ಆದರೆ ದೀಪಾವಳಿಯ ನರಕ ಚತುರ್ದಶಿಗೆ ದೇವಿರಮ್ಮನ ಬೆಟ್ಟ ಹತ್ತಲು ಚಿಕ್ಕಮಗಳೂರಿಗೆ ಬಹಳ ಜನ ಬರುತ್ತಾರೆ, ಆ ಎರಡು ದಿನ ಬಿಟ್ಟುಬಿಡಿ. ರಾಮೇಶ್ವರ, ಕನ್ಯಾಕುಮಾರಿಗೆ ಯಾವ ವರ್ಷದ ದಸರಾವೂ ಸರಿಯಾದ ಕಾಲ ಅಲ್ಲ, ಜನವರಿಗೆ ಇಟ್ಟುಕೊಳ್ಳಿ.

ಇನ್ನು ರೈಲು ಟಿಕೆಟ್. 2024ರ ನವೆಂಬರ್‌ನಿಂದ 60 ದಿನ ಮುಂಚೆ ಮಾತ್ರ ಬುಕಿಂಗ್ ತೆರೆಯುತ್ತದೆ, ಮೊದಲಿನ ಹಾಗೆ 120 ದಿನ ಅಲ್ಲ. ಹೊರಡುವ ದಿನದಿಂದ ಹಿಂದಕ್ಕೆ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆ ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಕೂರಿ. ದಸರಾ ವಾರದ ಸೀಟು ಸಂಜೆಯವರೆಗೆ ಉಳಿಯುವುದಿಲ್ಲ. ಆರು ಜನರಿಗೂ ಒಂದೇ ಟಿಕೆಟ್ ಮಾಡಿಸಬೇಡಿ. ಹಿರಿಯ ನಾಗರಿಕರ ಲೋಯರ್ ಬರ್ತ್ ಕೋಟಾ ಸಿಗುವುದು ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರೇ ಇದ್ದಾಗ. ಅತ್ತೆ-ಮಾವ ಇಬ್ಬರಿಗೇ ಬೇರೆ ಟಿಕೆಟ್ ಆ ಕೋಟಾದಲ್ಲಿ ಮಾಡಿ, ನೀವು ನಾಲ್ವರಿಗೆ ಇನ್ನೊಂದು. ಬೋಗಿ ಬೇರೆ ಬಂದರೂ ಚಿಂತೆ ಇಲ್ಲ, ಒಳಗಿಂದಲೇ ಓಡಾಡಬಹುದು. ಹೋಗುವಾಗಿನ ಟಿಕೆಟ್ ಸಿಕ್ಕಿತು ಅಂತ ಸುಮ್ಮನಾಗಬೇಡಿ, ವಿಜಯಪುರದಿಂದ ವಾಪಸ್ ಬರುವುದಕ್ಕೆ ಬುಕಿಂಗ್ ತೆರೆಯುವುದು ಐದು ದಿನ ಬಿಟ್ಟು. ಅದಕ್ಕೂ ಅದೇ ಹೊತ್ತಿಗೆ ಇನ್ನೊಂದು ಸಲ ಕೂರಬೇಕು.